ಆಟ ಬೇಡ, ಮೊದಲು ಪ್ರೈವೇಟ್ ಮೆಸೇಜ್ ಬಿಡಿ

ಊರಲ್ಲಿ ಕೂತು ಬೆಂಗಳೂರಿನ ಟೀಮಿಗೆ ಸಾಫ್ಟ್‌ವೇರ್ ಕೆಲಸ, ಮೀಟಿಂಗ್ ಬಿಟ್ಟರೆ ಮಾತಿಲ್ಲ, ಶುಕ್ರವಾರದ ಆನ್‌ಲೈನ್ ಅಂತ್ಯಾಕ್ಷರಿಯೂ ಸಪ್ಪೆ, ಬೇರೆ ಯಾವ ಆಟ ಆಡಿಸಲಿ ಎಂದು ಕೇಳಿದ್ದೀರಿ. ಯಾವ ಆಟವೂ ಬೇಡ. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಸಾಗರದ ಹತ್ತಿರದ ಮನೆಗೆ ಬಂದವನು ನಾನು. ಎರಡು ವರ್ಷ ನಿಮ್ಮ ಹಾಗೇ ಇದ್ದೆ.

ನನ್ನ ತಪ್ಪು ಒಂದೇ: ಎಲ್ಲವನ್ನೂ ಟೀಮ್ ನಡೆಸುವ ಲೀಡ್‌ಗೆ ಪ್ರೈವೇಟ್ ಮೆಸೇಜಿನಲ್ಲಿ ಕೇಳುತ್ತಿದ್ದೆ. ಹದಿನಾಲ್ಕು ಜನರ ಮುಂದೆ ಸಣ್ಣ ಪ್ರಶ್ನೆ ಕೇಳಲು ಅಂಜಿಕೆ. ಉತ್ತರವೂ ಬೇಗ ಬರುತ್ತಿತ್ತು, ಹಾಗಾಗಿ ತಪ್ಪು ಅನ್ನಿಸಲೇ ಇಲ್ಲ. ಆಫೀಸಿನಲ್ಲಿ ಪಕ್ಕದವರನ್ನು ಏನಾದರೂ ಕೇಳಿದರೆ ಹಿಂದಿನ ಸೀಟಿನವರ ಕಿವಿಗೂ ಬೀಳುತ್ತದೆ. ‘ಓ, ಅದು ನನಗೂ ಆಗಿತ್ತು’ ಎಂದು ಕುರ್ಚಿ ತಿರುಗಿಸುತ್ತಾರೆ. ಸಹೋದ್ಯೋಗಿಗಳ ನಡುವಿನ ಸಲಿಗೆ ಹುಟ್ಟುವುದು ಹೀಗೆ ಕಿವಿಗೆ ಬಿದ್ದ ಮಾತಿನಿಂದ. ಪ್ರೈವೇಟ್ ಮೆಸೇಜಿನಲ್ಲಿ ಯಾರ ಕಿವಿಗೂ ಏನೂ ಬೀಳುವುದಿಲ್ಲ. ಲೀಡ್ ಕೆಲಸ ಬಿಟ್ಟು ಹೋದಾಗ ನನ್ನ ಎರಡು ವರ್ಷದ ಕೆಲಸ ಬಲ್ಲವರು ಟೀಮಿನಲ್ಲಿ ಯಾರೂ ಉಳಿಯಲಿಲ್ಲ. ಹೊಸ ಲೀಡ್ ಚಾನೆಲ್‌ನಲ್ಲಿ, ಅಂದರೆ ಇಡೀ ಟೀಮ್ ನೋಡುವ ಚಾಟ್‌ನಲ್ಲಿ, ನನ್ನ ಹೆಸರು ಹುಡುಕಿದರೆ ಸಿಕ್ಕಿದ್ದೆಲ್ಲ ‘ಇವತ್ತು ರಜೆ’, ‘ಕರೆಂಟ್ ಇಲ್ಲ’. ಆ ವರ್ಷದ ಬಡ್ತಿ ಹೋಯಿತು. ಅವರದ್ದು ತಪ್ಪಲ್ಲ, ನೋಡಲು ಅವರ ಮುಂದೆ ಏನೂ ಇರಲಿಲ್ಲ.

ಹಾಗಾಗಿ ನಾಳೆಯಿಂದಲೇ ಪ್ರಶ್ನೆಗಳನ್ನು ಟೀಮಿನ ಚಾನೆಲ್‌ಗೆ ತನ್ನಿ. ‘ಹಾಯ್, ಬಿಡುವಾಗಿದ್ದೀರಾ?’ ಎಂದು ಕಳಿಸಿ ಕಾಯಬೇಡಿ. ಏನಾಗುತ್ತಿದೆ, ಏನು ಮಾಡಿ ನೋಡಿದಿರಿ, ಯಾವಾಗ ಬೇಕು, ಮೂರೂ ಒಂದೇ ಮೆಸೇಜಿನಲ್ಲಿರಲಿ: ‘ಪೇಮೆಂಟ್ ಟೆಸ್ಟ್ ನನ್ನ ಮಷೀನ್‌ನಲ್ಲಿ ಪಾಸ್, ಬಿಲ್ಡ್ ಸರ್ವರ್‌ನಲ್ಲಿ ಫೇಲ್. ಎರಡೂ ಕಡೆ ಟೈಮ್‌ಝೋನ್ ಯುಟಿಸಿ ಮಾಡಿ ನೋಡಿದೆ, ಬದಲಾಗಲಿಲ್ಲ. ಲಾಗ್ ಕೆಳಗಿದೆ. 4 ಗಂಟೆಯೊಳಗೆ ಗೊತ್ತಾದರೆ ಇವತ್ತಿನ ರಿಲೀಸ್‌ಗೆ ಸೇರಿಸಬಹುದು.’ ಇಂಥದ್ದಕ್ಕೆ ನಿಮಗೆ ಪರಿಚಯವೇ ಇಲ್ಲದವರೂ ಉತ್ತರಿಸುತ್ತಾರೆ. ಸರಿಹೋದ ಮೇಲೆ ಕಾರಣವನ್ನು ಅದೇ ಥ್ರೆಡ್‌ನಲ್ಲಿ, ಅಂದರೆ ಆ ಮೆಸೇಜಿನ ಕೆಳಗಿನ ಉತ್ತರಗಳಲ್ಲಿ, ಎರಡು ಸಾಲು ಬರೆಯಿರಿ. ಆರು ತಿಂಗಳ ನಂತರ ಯಾರೋ ಅದೇ ಎರರ್ ಹುಡುಕುವಾಗ ನಿಮ್ಮ ಹೆಸರು ಸಿಗುತ್ತದೆ. ನಿಮ್ಮ ಚಾಟ್ ಆ್ಯಪ್ ಸ್ಲ್ಯಾಕ್‌ನ ಉಚಿತ ಪ್ಲಾನ್ ಆದರೆ 90 ದಿನಕ್ಕಿಂತ ಹಳೆಯದು ಕಾಣುವುದಿಲ್ಲ, ಆದ್ದರಿಂದ ಮುಖ್ಯವಾದದ್ದನ್ನು ಆ ಕೆಲಸದ ದಾಖಲೆಯಾದ ಟಿಕೆಟ್‌ಗೂ ಹಾಕಿ. ಮೂರು ಸಲ ಬರೆದಾಡಿದರೂ ಬಗೆಹರಿಯದಿದ್ದರೆ ಟೈಪಿಂಗ್ ನಿಲ್ಲಿಸಿ ಹತ್ತು ನಿಮಿಷ ಕಾಲ್ ಮಾಡಿ, ತೀರ್ಮಾನವನ್ನು ಥ್ರೆಡ್‌ಗೆ ಹಾಕಿ. ಸಂಬಳ, ಆರೋಗ್ಯ, ಇನ್ನೊಬ್ಬರ ತಪ್ಪು ಮಾತ್ರ ಪ್ರೈವೇಟ್ ಆಗಿರಲಿ.

ವಾರಕ್ಕೊಮ್ಮೆ ಅರ್ಧ ಗಂಟೆ, ಸಾಫ್ಟ್‌ವೇರಿನ ಬೇರೆ ಭಾಗ ನೋಡಿಕೊಳ್ಳುವ ಒಬ್ಬರ ಜೊತೆ ಸ್ಕ್ರೀನ್ ಹಂಚಿಕೊಂಡು ನಿಜವಾದ ಕೆಲಸವನ್ನೇ ಮಾಡಿ. ಕೋಡ್ ರಿವ್ಯೂ, ಅಂದರೆ ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು, ಇದಕ್ಕೆ ಹೇಳಿ ಮಾಡಿಸಿದ್ದು. ಮನೆ, ಮಕ್ಕಳು, ಮಳೆ ಎಲ್ಲ ಬಿಲ್ಡ್ ಓಡುವ, ಅಂದರೆ ಕೋಡ್ ಪ್ರೋಗ್ರಾಂ ಆಗಿ ಸಿದ್ಧವಾಗುವ, ಮೂರು ನಿಮಿಷದಲ್ಲಿ ತಾನಾಗಿ ಮಾತಿಗೆ ಬರುತ್ತವೆ. ದಿನದ ಚಿಕ್ಕ ಮೀಟಿಂಗ್ ಸ್ಟ್ಯಾಂಡಪ್‌ಗೂ ಐದು ನಿಮಿಷ ಮೊದಲೇ ಸೇರಿ. ಹರಟೆ ನಡೆಯುವುದು ಆಗಲೇ.

ದನಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಾತು ಕೇಳಿಸದವರನ್ನು ಜನ ಮಾತಾಡಿಸುವುದನ್ನೇ ಬಿಡುತ್ತಾರೆ. ನಮ್ಮ ಕಡೆಯ ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತರೆ ಲ್ಯಾಪ್‌ಟಾಪ್ ಮೈಕ್ ಮಳೆಯನ್ನೇ ಕಳಿಸುತ್ತದೆ. ಬಾಯಿಯ ಹತ್ತಿರ ಮೈಕ್ ಇರುವ ವೈರ್ ಹೆಡ್‌ಸೆಟ್ ಸಾಕು. ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದರೆ ಸಾಮಾನ್ಯವಾಗಿ ಧ್ವನಿಯ ಗುಣಮಟ್ಟ ಇಳಿಯುತ್ತದೆ. ರೂಟರ್‌ಗೆ ಪ್ರತ್ಯೇಕ ಸಣ್ಣ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿ, ಹೆಚ್ಚಿನವು 12 ವೋಲ್ಟ್. ಫೈಬರ್ ಡಬ್ಬಿ ಬೇರೆಯಾಗಿದ್ದರೆ ಅದಕ್ಕೂ ಬೇಕು. ರೂಟರ್ ಮಾತ್ರ ಉರಿಯುತ್ತಿದ್ದರೆ ವೈಫೈ ಇರುತ್ತದೆ, ಇಂಟರ್‌ನೆಟ್ ಇರುವುದಿಲ್ಲ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಅದಕ್ಕೆ ಮೊದಲೇ ‘ಕರೆಂಟ್ ಹೋಗಿದೆ, ಯಾವಾಗ ಬೇಕಾದರೂ ಕಟ್ ಆಗಬಹುದು, ಕೋಡ್ ಪುಶ್ ಮಾಡಿದ್ದೇನೆ’ ಎಂದು ಚಾನೆಲ್‌ಗೆ ಹಾಕಿಬಿಡಿ.

ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ. ‘ಮಂಗಳವಾರ, ಬುಧವಾರ ಆಫೀಸಿನಲ್ಲಿರುತ್ತೇನೆ, ಯಾರೆಲ್ಲ ಬರುತ್ತೀರಿ?’ ಎಂದು ವಾರದ ಮುಂಚೆಯೇ ಕೇಳಿ, ಜನ ಬರುವುದು ಖಚಿತವಾದ ಮೇಲೆ ಬಸ್ ಟಿಕೆಟ್ ಮಾಡಿ. ಕೋಡಿಂಗ್ ಕೆಲಸವನ್ನು ಆ ಎರಡು ದಿನಕ್ಕೆ ಇಟ್ಟುಕೊಳ್ಳಬೇಡಿ, ಹೆಡ್‌ಸೆಟ್ ಬ್ಯಾಗಿನಲ್ಲೇ ಇರಲಿ.