ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಒಲಿಂಪಿಕ್ಸ್ ಬರದಿದ್ದರೆ
ಪಕ್ಕದ ಮನೆಯ ದೂರದರ್ಶನದ ಉಚಿತ ಡಿಶ್ ಸೇವೆ ಫ್ರೀ ಡಿಶ್‌ನಲ್ಲಿ ಒಲಿಂಪಿಕ್ಸ್ ಲೈವ್ ಬರುವಾಗ ನಿಮ್ಮ ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬೇರೆ ಕಾರ್ಯಕ್ರಮ ಓಡುವುದು ಬಾಕ್ಸಿನ ದೋಷವಲ್ಲ. ಖಾಸಗಿ ವಾಹಿನಿ ಕಡ್ಡಾಯವಾಗಿ ಹಂಚಿಕೊಳ್ಳುವ ಪ್ರಸಾರವನ್ನು ದೂರದರ್ಶನ ತನ್ನ ಟವರ್ ಮತ್ತು ಫ್ರೀ ಡಿಶ್‌ನಲ್ಲಷ್ಟೇ ತೋರಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಬಲ್‌ನವರ ಜೊತೆ ಜಗಳಾಡಿ ಉಪಯೋಗವಿಲ್ಲ, ಡಿಶ್ ಹಚ್ಚಿಸಿರಿ.

ಎಂಪೆಗ್-4 (ಹೊಸ ಬಗೆಯ ವಿಡಿಯೋ ಸಂಕೇತ ಓದುವ) ಬಾಕ್ಸೇ ತಗೊಳ್ಳಿ. ಹಳೆಯ ಎಂಪೆಗ್-2ರಲ್ಲಿ ಎಚ್‌ಡಿ ಚಾನೆಲ್ ತೆರೆಯುವುದಿಲ್ಲ. ಬಾಗಲಕೋಟೆಯಿಂದ ಫ್ರೀ ಡಿಶ್ ಸಿಗ್ನಲ್ ಕಳಿಸುವ ಜಿಸ್ಯಾಟ್-15 ಉಪಗ್ರಹ ಆಗ್ನೇಯಕ್ಕೆ, ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಮಾಳಿಗೆ ಮೇಲೆ ಆ ದಿಕ್ಕಿಗೆ ಬೇವಿನ ಗಿಡ, ನೀರಿನ ಟ್ಯಾಂಕ್ ಅಡ್ಡ ಇರಬಾರದು. ಮೊದಲು ಡಿಶ್ ಕೂರಿಸುವ ಕಂಬ ನೆಟ್ಟಗಿದೆಯೇ ನೋಡಿ, ವಾಲಿದ್ದರೆ ಕೋನ ಕೂಡುವುದೇ ಇಲ್ಲ. ಟಿವಿಯಲ್ಲಿ ಸಿಗ್ನಲ್ ಪಟ್ಟಿ ತೆರೆದಿಟ್ಟು ಡಿಶ್ಶನ್ನು ತುಸುತುಸುವೇ ಸರಿಸಿ, ಪ್ರತಿ ಸಲ ಎರಡು-ಮೂರು ಸೆಕೆಂಡ್ ಕಾಯಿರಿ. ನೋಡಬೇಕಾದ್ದು ಕ್ವಾಲಿಟಿ. ಸ್ಟ್ರೆಂತ್ ಎಷ್ಟೇ ಇರಲಿ, ಕ್ವಾಲಿಟಿ ಸೊನ್ನೆಯಾಗಿದ್ದರೆ ಹೆಚ್ಚಾಗಿ ದಿಕ್ಕು ತಪ್ಪಿರುತ್ತದೆ. ನಟ್ ಬಿಗಿ ಮಾಡುವಾಗ ಡಿಶ್ ಮತ್ತೆ ಸರಿಯುತ್ತದೆ, ಆಮೇಲೂ ಒಮ್ಮೆ ಪಟ್ಟಿ ನೋಡಿ.

ಸ್ಟ್ರೆಂತ್, ಕ್ವಾಲಿಟಿ ಎರಡೂ ಸೊನ್ನೆಯಾದರೆ ವೈರ್ ಹೋಗಿದೆಯೋ ಎಲ್‌ಎನ್‌ಬಿಯೋ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಎಂದು ಇಲ್ಲಿಂದ ಹೇಳಲಾರೆ. ಮೊದಲು ಕನೆಕ್ಟರ್ ಬಿಚ್ಚಿ, ತುಕ್ಕು ಹಿಡಿದಿದ್ದರೆ ಬದಲಿಸಿ. ಕೊನೆಗೆ ಆಟೋ ಸ್ಕ್ಯಾನ್ ಕೊಡಿ.