ಕ್ರಿಕೆಟ್ ಹೆಲ್ಮೆಟ್ ಬೇಡ ತಮ್ಮಾ: ಬೇಸ್‌ಬಾಲ್ ಅಂಪೈರ್‌ಗೆ ಬೇಕಾದ ಮಾಸ್ಕೇ ಬೇರೆ

ತಮ್ಮಾ, ನೀನು ಬರೆದಿದ್ದು ಓದಿದೆ. ಅಮೆರಿಕದ ಒಹಾಯೊಗೆ ಹೋಗಿ ಮನೆ ಸಾಮಾನು ಜೋಡಿಸಿಕೊಳ್ಳುವಷ್ಟರಲ್ಲೇ ಮಕ್ಕಳ ಬೇಸ್‌ಬಾಲ್ ಲೀಗಿನವರು ಅಂಪೈರ್ ಆಗ್ತೀರಾ ಅಂತ ಕೇಳಿದ್ದಾರೆ, ನೀನು ಒಪ್ಪಿಕೊಂಡಿದ್ದೀಯ. ಬಹಳ ಸಂತೋಷ ಆಯ್ತು. ಹೊಸ ಊರಲ್ಲಿ ಜನ ಬೇಗ ಪರಿಚಯ ಆಗುವುದು ಮೈದಾನದಲ್ಲೇ. ಈಗ ನಿನ್ನ ಪ್ರಶ್ನೆ: ಮಾಸ್ಕ್ ಯಾವುದು ತಗೊಳ್ಳಲಿ, ಕಾಲೇಜಲ್ಲಿ ಬ್ಯಾಟ್ ಮಾಡುವಾಗ ಹಾಕುತ್ತಿದ್ದ ಕ್ರಿಕೆಟ್ ಹೆಲ್ಮೆಟ್ಟೇ ಸಾಲದಾ, ಅಣ್ಣ, ನೀವು ಊರಿಂದ ವಾಪಸ್ ಬರುವಾಗ ಅದನ್ನು ತರ್ತೀರಾ?

ನಿಮ್ಮಪ್ಪ ನಿನ್ನೆ ಸರಸ್ವತಿಪುರಂನಿಂದ ಮಂಡ್ಯಕ್ಕೆ ಬಂದು ಆ ಹೆಲ್ಮೆಟ್ಟನ್ನು ನಮ್ಮ ಮನೆಯಲ್ಲಿ ಕೊಟ್ಟು ಹೋದರು. ಅದನ್ನು ನಾನು ತರುವುದಿಲ್ಲ. ನಿಮ್ಮಮ್ಮ ಕಳಿಸಿರುವ ಹುರಿಗಾಳು, ಸಾರಿನಪುಡಿ ಖಂಡಿತ ತರ್ತೀನಿ. ಹೆಲ್ಮೆಟ್ ಯಾಕೆ ಬೇಡ ಅನ್ನುವುದನ್ನು ಮಾತ್ರ ಬಿಡಿಸಿ ಹೇಳಬೇಕು.

ಮೈಸೂರು ವಲಯದ ಕ್ರಿಕೆಟ್ ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿ ನೀನು ನಿಲ್ಲುತ್ತಿದ್ದದ್ದು ಬೌಲರ್ ಕಡೆಯ ಸ್ಟಂಪಿನ ಹಿಂದೆ. ಚೆಂಡು ನಿನ್ನಿಂದ ದೂರ ಹೋಗುತ್ತಿತ್ತು. ಅಪಾಯ ಅಲ್ಲೂ ಇತ್ತು. 2014ರ ಡಿಸೆಂಬರ್‌ನಲ್ಲಿ ದಿಂಡಿಗಲ್‌ನ ರಣಜಿ ಪಂದ್ಯದಲ್ಲಿ ಆಸ್ಟ್ರೇಲಿಯಾದ ಅಂಪೈರ್ ಜಾನ್ ವಾರ್ಡ್ ಅವರ ತಲೆಗೆ ನೇರ ಹೊಡೆತ ಬಡಿಯಿತು. ಆಮೇಲೆ 2016ರಲ್ಲಿ ಅವರು ಭಾರತ–ಆಸ್ಟ್ರೇಲಿಯಾ ಏಕದಿನ ಪಂದ್ಯಕ್ಕೆ ಹೆಲ್ಮೆಟ್ ಹಾಕಿಕೊಂಡೇ ಇಳಿದರು. ಆದರೆ ಅಂಥ ಏಟು ಯಾವಾಗಲೋ ಒಮ್ಮೆ ಬೀಳುವಂಥದ್ದು. ಬೇಸ್‌ಬಾಲ್‌ನಲ್ಲಿ ಪ್ಲೇಟ್ ಅಂಪೈರ್, ಅಂದರೆ ಬ್ಯಾಟ್ ಮಾಡುವ ಕಡೆಯ ಅಂಪೈರ್, ನಿಲ್ಲುವುದು ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಬೆನ್ನ ಹಿಂದೆ, ಅವನ ಭುಜದ ಮೇಲಿಂದ ಇಣುಕಿಕೊಂಡು. ಪ್ರತಿ ಎಸೆತವೂ ನಿನ್ನ ಮುಖದ ಕಡೆಗೇ ಬರುತ್ತದೆ. ದೊಡ್ಡವರ ಆಟದಲ್ಲಿ ಎಸೆಯುವ ದೂರ 60 ಅಡಿ 6 ಅಂಗುಲ, ಲಿಟಲ್ ಲೀಗಿನ 12 ವರ್ಷದವರೆಗಿನ ಮಕ್ಕಳಿಗೆ 46 ಅಡಿ. ಬೌಲರ್ ರನ್-ಅಪ್ ನೋಡಿ ಸಿದ್ಧವಾಗುವ ನಿನ್ನ ಅಭ್ಯಾಸಕ್ಕೆ ಇಲ್ಲಿ ಪುರಸೊತ್ತೇ ಸಿಗುವುದಿಲ್ಲ.

ಹೆದರಬೇಕಾದದ್ದು ಬ್ಯಾಟಿಗೆ ತಾಗಿ ಹಿಂದಕ್ಕೆ ಬರುವ ಫೌಲ್ ಚೆಂಡಿಗೆ. ಚೆಂಡು ಬ್ಯಾಟಿನ ಅಂಚಿಗೆ ಸವರಿದರೆ ವೇಗ ಅಷ್ಟೇನೂ ತಗ್ಗುವುದಿಲ್ಲ, ದಿಕ್ಕು ಮಾತ್ರ ಬದಲಾಗುತ್ತದೆ. ಕ್ಯಾಚರ್ ಗ್ಲೌಸ್ ತಪ್ಪಿದರೆ ಅದು ಸೀದಾ ನಿನ್ನ ಗಲ್ಲಕ್ಕೋ ಹಣೆಗೋ ಗಂಟಲಿಗೋ ಬಂದು ಹೊಡೆಯುತ್ತದೆ. ಬೇಸ್‌ಬಾಲ್ ಚೆಂಡಿನ ತೂಕ ಸುಮಾರು 142ರಿಂದ 149 ಗ್ರಾಂ, ನಮ್ಮ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪವೇ ಕಮ್ಮಿ. ಕ್ರಿಕೆಟ್ ಹೆಲ್ಮೆಟ್ ಬ್ಯಾಟ್ಸ್‌ಮನ್ನಿಗೆ ಅಂತ ಮಾಡಿದ್ದು. ತಲೆಗೆ ಬಿಗಿಯಾಗಿ ಕೂರುತ್ತದೆ, ಗದ್ದದ ಪಟ್ಟಿ ಬಿಚ್ಚದೆ ತೆಗೆಯಲಾಗುವುದಿಲ್ಲ, ಎದುರಿನಿಂದ ಗಂಟಲಿಗೆ ಬರುವ ಚೆಂಡನ್ನು ತಡೆಯಲು ಅದರಲ್ಲಿ ಏನೂ ಇಲ್ಲ. ಅಂಪೈರ್ ಆದ ನಿನಗೆ ಚೆಂಡು ಮೇಲಕ್ಕೆ ಹಾರಿದ ಕ್ಷಣ ಮಾಸ್ಕ್ ಕಿತ್ತು ಕೈಯಲ್ಲಿ ಹಿಡಿದು ಓಡುವ ಕೆಲಸ ಇರುತ್ತದೆ. ಅದೂ ಎಡಗೈಯಲ್ಲೇ, ಯಾಕೆಂದರೆ ಔಟ್, ಸ್ಟ್ರೈಕ್ ಸನ್ನೆಗೆ ಬಲಗೈ ಖಾಲಿ ಇರಬೇಕು. ಎಸೆತಗಳ ಎಣಿಕೆ ಇಡುವ ಕೌಂಟರ್ ಕೂಡ ಎಡಗೈಯಲ್ಲೇ ಇರುತ್ತದೆ. ಇದೊಂದನ್ನು ಮನೆಯ ಕನ್ನಡಿ ಮುಂದೆ ಚೆನ್ನಾಗಿ ಅಭ್ಯಾಸ ಮಾಡು. ಮಾಸ್ಕ್ ಕಿತ್ತು ಬಂದರೂ ಟೋಪಿ ತಲೆಯ ಮೇಲೇ ಉಳಿಯಬೇಕು. ಅದಕ್ಕೇ ಪ್ಲೇಟ್ ಅಂಪೈರ್ ಟೋಪಿಗೆ ಮುಂದಿನ ತುದಿ ಗಿಡ್ಡ ಇರುತ್ತದೆ, ಉದ್ದ ತುದಿಯ ಮಾಮೂಲಿ ಟೋಪಿ ಹಾಕಿಕೊಂಡು ಹೋಗಬೇಡ.

ಮಾಸ್ಕ್‌ಗಳಲ್ಲಿ ಎರಡು ಜಾತಿ. ಒಂದು ಹಳೆಯದು: ಮುಂದೆ ಲೋಹದ ಕಂಬಿಗಳ ಚೌಕಟ್ಟು, ಒಳಗೆ ಹಣೆಗೂ ಗದ್ದಕ್ಕೂ ಪ್ಯಾಡ್, ಹಿಂದೆ ಎಲಾಸ್ಟಿಕ್ ಪಟ್ಟಿ. ಹಾರ್ವರ್ಡ್‌ನ ಫ್ರೆಡ್ ಥೇಯರ್ ಅನ್ನುವವರು ಕತ್ತಿವರಸೆಯ ಮುಖವಾಡ ನೋಡಿ ಮಾಡಿಸಿದ್ದು, 1878ರಲ್ಲಿ ಪೇಟೆಂಟ್ ಆಯಿತು. ಮೂಲ ರೂಪ ಇವತ್ತಿಗೂ ಅದೇ. ಇನ್ನೊಂದು ಐಸ್ ಹಾಕಿ ಗೋಲ್‌ಕೀಪರ್ ಥರದ, ಇಡೀ ತಲೆ ಮುಚ್ಚುವ ಹೆಲ್ಮೆಟ್. 1996ರಲ್ಲಿ ಟೊರಾಂಟೊ ತಂಡದ ಕ್ಯಾಚರ್ ಚಾರ್ಲಿ ಓಬ್ರಿಯನ್ ಅದನ್ನು ಮೊದಲು ಹಾಕಿಕೊಂಡು ಆಡಿದರು. ಬೀಸಿದ ಬ್ಯಾಟ್ ಹಿಂದಕ್ಕೆ ಸುತ್ತಿ ಬಂದು ಕಿವಿ ಪಕ್ಕ ಬಡಿಯುವ ಸಂದರ್ಭದಲ್ಲಿ ಈ ಎರಡನೆಯದರಿಂದ ರಕ್ಷಣೆ ಜಾಸ್ತಿ. ಆದರೆ ಭಾರ, ಸೆಕೆ, ತೆಗೆಯಲು ನಿಧಾನ. ಹಳೆ ಥರದ ಮಾಸ್ಕ್‌ನ ಗುಣ ಏನೆಂದರೆ, ಜೋರಾಗಿ ಏಟು ಬಿದ್ದರೆ ಅದು ತಾನೇ ಸರಿಯುತ್ತದೆ, ಕೆಲವು ಸಲ ತಿರುಗಿ ಬಿದ್ದೇ ಹೋಗುತ್ತದೆ. ಏಟಿನ ಒಂದಷ್ಟು ಶಕ್ತಿ ಆ ಸರಿದಾಟದಲ್ಲೇ ಮುಗಿದು, ಕುತ್ತಿಗೆಗೆ ತಲುಪುವುದು ಕಡಿಮೆಯಾಗುತ್ತದೆ. ಮಕ್ಕಳ ಲೀಗಿನಲ್ಲಿ ಹೊಸದಾಗಿ ಶುರು ಮಾಡುವ ನಿನಗೆ ನಾನು ಹೇಳುವುದು ಹಳೆ ಥರದ್ದನ್ನೇ. ಹಿಂದೆ ಯಾವಾಗಲಾದರೂ ತಲೆಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳು.

ಲೋಹ ಯಾವುದು ಅಂತ ಕೇಳಿದ್ದೀಯ. ಉಕ್ಕು ಭಾರ, ಅಗ್ಗ, ಗಟ್ಟಿ. ಟೈಟಾನಿಯಂ ಹಗುರ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಒಳಗೆ ಟೊಳ್ಳಾದ ಉಕ್ಕಿನ ಕಂಬಿಯದು ಇವೆರಡರ ನಡುವೆ, ನಿನಗೆ ಅಷ್ಟು ಸಾಕು. ಉಳಿದ ದುಡ್ಡನ್ನು ಪ್ಯಾಡಿಗೆ ಹಾಕು. ಏಟನ್ನು ನುಂಗುವುದು ಪ್ಯಾಡ್. ಚರ್ಮದ್ದು ಬೆವರು ಕುಡಿದರೂ ಆಕಾರ ಬಿಡುವುದಿಲ್ಲ, ಬಟ್ಟೆಯದ್ದು ಒಗೆಯಲು ಸುಲಭ. ಯಾವುದೇ ಆಗಲಿ, ಪಂದ್ಯ ಮುಗಿದ ಮೇಲೆ ಕಾರಿನ ಡಿಕ್ಕಿಯಲ್ಲಿ ಬಿಡದೆ ನೆರಳಲ್ಲಿ ಒಣಗಿಸು. ಒತ್ತಿದರೆ ಮತ್ತೆ ಉಬ್ಬದೆ ಕಲ್ಲಿನ ಹಾಗೆ ಗಟ್ಟಿಯಾದ ಪ್ಯಾಡನ್ನು ಬದಲಾಯಿಸಿಬಿಡು. ಚೌಕಟ್ಟಿನ ಬೆಸುಗೆಯಲ್ಲಿ ಬಿರುಕು ಕಂಡರೆ, ಕಂಬಿ ಬಗ್ಗಿದ್ದರೆ ಅದನ್ನು ತಟ್ಟಿ ನೆಟ್ಟಗೆ ಮಾಡಲು ಹೋಗಬೇಡ, ಬಿಸಾಕು. ಲೀಗಿನ ಸ್ಟೋರಿನಿಂದ ಎರವಲು ಕೊಡುವ ಮಾಸ್ಕನ್ನೂ ಇದೇ ಕಣ್ಣಲ್ಲಿ ನೋಡು.

ಅಂಗಡಿಗೆ ನೀನೇ ಹೋಗಿ ಹಾಕಿ ನೋಡು, ಕನ್ನಡಕ ಹಾಕಿಕೊಂಡೇ. ಗದ್ದ ಕೆಳಗಿನ ಪ್ಯಾಡಿನಲ್ಲಿ ಸರಿಯಾಗಿ ಕೂರಬೇಕು, ಕನ್ನಡಕ ಎಲ್ಲೂ ಕಂಬಿಗೆ ತಾಗಬಾರದು, ಎರಡು ಕಂಬಿಗಳ ಸಂದಿನಿಂದ ಎದುರಿನ ಗೋಡೆ ಅಡ್ಡಿಯಿಲ್ಲದೆ ಕಾಣಬೇಕು. ಕನ್ನಡಕದ ಗಾಜು ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಆಗಿರಲಿ. ಬಣ್ಣ ಹೊಳಪಿಲ್ಲದ ಕಪ್ಪಾದರೆ ಬಿಸಿಲಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ. ಪಟ್ಟಿಯನ್ನು ಜಾಸ್ತಿ ಬಿಗಿಯಬೇಡ, ತಲೆ ಅಲ್ಲಾಡಿಸಿದರೆ ಜಾರಬಾರದು ಅಷ್ಟೇ. ಬಿಗಿದಷ್ಟೂ ಏಟು ತಲೆಗೆ ಇಳಿಯುತ್ತದೆ.

ಗಂಟಲಿಗೆ ತೂಗುವ ಪಟ್ಟಿ ಇಲ್ಲದ ಮಾಸ್ಕ್ ತಗೊಂಡರೆ ಅದನ್ನು ಬೇರೆಯಾಗಿ ಕೊಂಡು ಕಟ್ಟಿಸಿಕೊ. ಚೌಕಟ್ಟೇ ಕೆಳಕ್ಕೆ ಉದ್ದ ಬಂದಿದ್ದರೆ ಬೇಕಿಲ್ಲ. 1976ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಕ್ಯಾಚರ್ ಸ್ಟೀವ್ ಯೀಗರ್ ತನ್ನ ಸರದಿಗೆ ಕಾಯುತ್ತಾ ನಿಂತಿದ್ದಾಗ, ಮುರಿದ ಬ್ಯಾಟಿನ ಚೂರುಗಳು ಕುತ್ತಿಗೆಗೆ ಚುಚ್ಚಿಕೊಂಡವು. ಅವರು ಮತ್ತೆ ಆಡುವಾಗ ಗಂಟಲಿಗೆ ರಕ್ಷಣೆ ಇರಲಿ ಅಂತ ತಂಡದ ಟ್ರೈನರ್ ಬಿಲ್ ಬ್ಯೂಲರ್ ಮಾಸ್ಕಿಗೆ ಈ ಪಟ್ಟಿ ತೂಗುಹಾಕಿದರು. ಅಲ್ಲಿಂದ ಅದು ಎಲ್ಲ ಕಡೆ ಹಬ್ಬಿತು.

ಎಂಥ ಮಾಸ್ಕ್ ಇದ್ದರೂ ಮೆದುಳು ಅಲುಗುವುದನ್ನು ಪೂರಾ ತಡೆಯುವುದಿಲ್ಲ. ಏಟು ಬಿದ್ದ ಮೇಲೆ ತಲೆನೋವು, ವಾಂತಿ ಬಂದ ಹಾಗೆ, ಬೆಳಕು ಚುಚ್ಚಿದ ಹಾಗೆ, ಎಣಿಕೆ ಮರೆತ ಹಾಗೆ ಆದರೆ ಅಲ್ಲೇ ಆಟ ನಿಲ್ಲಿಸಿ ಹೊರಗೆ ಬಾ. ಅವತ್ತು ಮತ್ತೆ ಪ್ಲೇಟ್ ಹಿಂದೆ ನಿಲ್ಲಬೇಡ, ಕಾರನ್ನೂ ನೀನು ಓಡಿಸಬೇಡ, ಡಾಕ್ಟರ್ ಹತ್ತಿರ ಹೋಗು. ಹೊಸಬರು ಬಿಲ್ಲಿಗೆ ಹೆದರಿ ಸುಮ್ಮನಾಗುತ್ತಾರೆ, ಊರಲ್ಲಿರುವವರಿಗೂ ಹೇಳುವುದಿಲ್ಲ. ನಿಮ್ಮಪ್ಪ ನನ್ನನ್ನು ಕೇಳಿದ್ದೂ ಅದೊಂದೇ: ಅಲ್ಲಿ ಅವನಿಗೆ ಏನಾದರೂ ಆದರೆ ನಿಮಗಾದರೂ ಹೇಳ್ತಾನಾ? ಹೇಳ್ತಾನೆ ಅಂದಿದ್ದೀನಿ. ಆರೋಗ್ಯ ವಿಮೆಯಲ್ಲಿ ಯಾವ ಆಸ್ಪತ್ರೆ ಬರುತ್ತದೆ ಅಂತ ಈಗಲೇ ನೋಡಿಟ್ಟುಕೊ.

ಇನ್ನೊಂದು, ನೀನು ಕೇಳದೇ ಇರುವುದು. ಪಂದ್ಯಕ್ಕೆ ಇಷ್ಟು ಅಂತ ದುಡ್ಡು ಕೊಡ್ತಾರೆ ಅಂತ ಬರೆದಿದ್ದೀಯ. ನೀನಿರುವುದು ಎಚ್-1ಬಿ ಕೆಲಸದ ವೀಸಾದಲ್ಲಿ. ಅರ್ಜಿ ಹಾಕಿದ ಕಂಪನಿ ಬಿಟ್ಟು ಬೇರೆಯವರ ಹತ್ತಿರ ಸಂಬಳಕ್ಕೆ ದುಡಿಯುವಂತಿಲ್ಲ, ಅದು ಶನಿವಾರದ ಎರಡು ಗಂಟೆಯಾದರೂ ಸರಿ. ಅಂಪೈರ್‌ಗಳೆಲ್ಲ ಸ್ವಯಂಸೇವಕರೇ ಆಗಿರುವ ಲಿಟಲ್ ಲೀಗ್‌ಗಳು ಬೇಕಾದಷ್ಟಿವೆ, ಅಂಥದ್ದನ್ನು ಹುಡುಕಿಕೊ. ಹಿನ್ನೆಲೆ ಪರಿಶೀಲನೆಗೆ ಫಾರಂ ಕೊಡ್ತಾರೆ, ಎಲ್ಲರಿಗೂ ಇರುವ ನಿಯಮ, ಬೇಸರ ಪಡಬೇಡ. ಈಗಾಗಲೇ ಒಪ್ಪಿಕೊಂಡಿರುವ ಲೀಗ್ ದುಡ್ಡು ಕೊಡುವಂಥದ್ದೇ ಆದರೆ, ಮೊದಲ ಪಂದ್ಯಕ್ಕೆ ಮುಂಚೆ ನಿಮ್ಮ ಕಂಪನಿಯ ಇಮಿಗ್ರೇಷನ್ ವಕೀಲರಿಗೆ ಒಂದು ಮೇಲ್ ಹಾಕು. ಅವರ ಉತ್ತರ ಬರುವ ತನಕ ಮಾಸ್ಕಿಗೂ ದುಡ್ಡು ಕೊಡಬೇಡ.