ಎಚ್‌ಆರ್ ಪದವಿ ಇಲ್ಲದೆ ಕಸ್ಟಮರ್ ಸಪೋರ್ಟ್‌ನಿಂದ ತರಬೇತಿ ವಿಭಾಗಕ್ಕೆ ಹೋಗಬಹುದೇ?

ಖಂಡಿತ ಹೋಗಬಹುದು. ಪದವಿಗಿಂತ ಹೆಚ್ಚು ತೂಕ ನೀವು ಮಾಡಿ ತೋರಿಸಿದ ಒಂದು ಕೆಲಸಕ್ಕಿದೆ.

ತಂಡದಲ್ಲಿ ಪದೇಪದೇ ಆಗುವ ಒಂದೇ ಒಂದು ತಪ್ಪನ್ನು ಹಿಡಿಯಿರಿ. ರೀಫಂಡ್ ಮಾಡುವಾಗ ತಪ್ಪು ಕೋಡ್ ಹಾಕುವುದು ಅಂತಿಟ್ಟುಕೊಳ್ಳಿ. 4 ವಾರ ಅದು ಎಷ್ಟು ಸಲ ಆಯಿತೆಂದು ಎಣಿಸಿ ಬರೆದಿಡಿ. ಆಮೇಲೆ ಆ ಕೆಲಸ ಮಾಡುವವರ ಪಕ್ಕ ಕೂತು ನೋಡಿ. ಎರಡು ಕೋಡ್‌ಗಳ ಹೆಸರು ಒಂದೇ ತರಹ ಇದ್ದರೆ ತರಬೇತಿಯೇ ಬೇಡ, ಹೆಸರು ಬದಲಿಸಿದರೆ ಸಾಕು. ಹೊಸಬರು ಎಡವುವುದು ಇಲ್ಲೇ: ಎಲ್ಲಕ್ಕೂ ತರಬೇತಿಯೇ ಮದ್ದು ಅಂದುಕೊಳ್ಳುತ್ತಾರೆ.

ನಿಜಕ್ಕೂ ತಿಳಿವಳಿಕೆ ಸಾಲದಿದ್ದರೆ, ಗ್ರಾಹಕರ ವಿವರ ತೆಗೆದ 5 ಹಳೆಯ ಟಿಕೆಟ್ (ಗ್ರಾಹಕರ ದೂರಿನ ದಾಖಲೆ) ಕೊಟ್ಟು 15 ನಿಮಿಷ ಅಭ್ಯಾಸ ಮಾಡಿಸಿ. 40 ಸ್ಲೈಡ್ ಓದಿಸಬೇಡಿ. ಮತ್ತೆ 4 ವಾರ ಎಣಿಸಿ.

ಸಂದರ್ಶನದಲ್ಲಿ ಈ ಎರಡು ಎಣಿಕೆಗಳನ್ನು ಮುಂದಿಡಿ. ‘ತರಬೇತಿ ಚೆನ್ನಾಗಿತ್ತು’ ಎಂಬ ಫೀಡ್‌ಬ್ಯಾಕ್ ಫಾರಂ, ತರಬೇತಿಯ ಫಲ ಅಳೆಯುವ ಕರ್ಕ್‌ಪ್ಯಾಟ್ರಿಕ್‌ರ ನಾಲ್ಕು ಹಂತಗಳಲ್ಲಿ ಮೊದಲನೆಯದಷ್ಟೇ. ಕೆಲಸದ ರೀತಿ ಬದಲಾಯಿತು ಎಂಬುದು ಮೂರನೆಯದು.